ಕಿರುಬೆರಳಿನ ಸ್ಕೇಲು

ಬೆಳಿಗ್ಗೆ ಆರೂವರೆ. ದರ್ಜಿ ಹೆಂಗಸಿನ ಕಿರುಬೆರಳು ಪಿಟೀಲಿನ ತಂತಿಯ ಮೇಲೆ ಮತ್ತೆ ಜಾರಿತು.

ಹೊಲಿಗೆ ಯಂತ್ರದ ಸೂಜಿ ಒಮ್ಮೆ ಆ ಎಡಗೈ ಬೆರಳನ್ನು ತೂರಿಹೋಗಿತ್ತು. ಗಾಯ ಮಾಯಿತು, ಗಿಣ್ಣು ಮಾತ್ರ ಮಡಚದಾಯಿತು. ಹೊಲಿಗೆಗೆ ಅದರಿಂದ ತೊಂದರೆಯಿರಲಿಲ್ಲ. ತೊಂದರೆ ಇದ್ದದ್ದು ಸ್ಕೇಲುಗಳಲ್ಲಿ, ಸ್ವರಗಳನ್ನು ಮೆಟ್ಟಿಲಿನಂತೆ ಹತ್ತಿ ಇಳಿಯುವ ಪಾಠಗಳಲ್ಲಿ. ಸುಲಭದವುಗಳಲ್ಲಿ ಕಿರುಬೆರಳಿನ ಸ್ವರ ಪಕ್ಕದ ತಂತಿಯನ್ನು ಬೆರಳಿಡದೆ ನುಡಿಸಿದರೂ ಸಿಗುತ್ತದೆ. ಕಷ್ಟದವುಗಳಲ್ಲಿ ಆ ಕಳ್ಳದಾರಿ ಇಲ್ಲ. ಆಕೆ ಹಟ ಹಿಡಿದು ತಿಕ್ಕುತ್ತಿದ್ದದ್ದು ಅವನ್ನೇ.

"ಅಕ್ಕಾ, ಒಂದು ಹಾಡಾದ್ರೂ ನುಡಿಸೇ!" ಒಳಗಿನಿಂದ ತಮ್ಮ ಕೂಗಿದ. ರಾತ್ರಿಪಾಳಿ ಮುಗಿಸಿ ಬಂದಿದ್ದ ಬಸ್ ಡ್ರೈವರ್. "ಮೇಲೆ ಹತ್ತು, ಕೆಳಗಿಳಿ, ಮತ್ತೆ ಹತ್ತು... ಮಲಗಿದ್ದ ನನಗೇ ಮಂಡಿನೋವು ಬಂತು."

"ಮುಲಾಮು ಹಚ್ಕೊಂಡು ಮಲ್ಕೋ. ಇವತ್ತು ಪರೀಕ್ಷೆ ಇದೆ."

ಊರಿನ ವಾದ್ಯವೃಂದದಲ್ಲಿ ಒಂದು ಕುರ್ಚಿ ಖಾಲಿಯಿತ್ತು. ಕಳೆದ ವರ್ಷ ಅದೇ ಕುರ್ಚಿ ಕೇಳಿ ಆಕೆ ಬರಿಗೈಲಿ ಮರಳಿದ್ದಳು. ಹತ್ತು ಗಂಟೆಗೆ ವೃಂದದ ಮೇಷ್ಟ್ರ ಮುಂದೆ ನಿಂತಾಗ ಅವರು ಕೈ ಎತ್ತಿ ತಡೆದರು.

"ನಿಮ್ಮ ಬೆರಳಿನ ವಿಷಯ ಗೊತ್ತಲ್ಲಮ್ಮ. ಸುಲಭದ ಸ್ಕೇಲು ಒಂದೆರಡು ನುಡಿಸಿ, ಸಾಕು. ಹಿಂದಿನ ಸಾಲಲ್ಲಿ ಕೂತ್ಕೊಳ್ಳಿ. ಕಷ್ಟದ ಕಡೆ ತಂತಿಗೆ ತಾಗಿಸದೆ ಕಮಾನು ಸುಮ್ನೆ ಆಡಿಸ್ತಾ ಇರಿ. ಯಾರಿಗೂ ಗೊತ್ತಾಗಲ್ಲ."

"ಹೊಲಿಯದೆ ಬರೀ ಪಿನ್ನು ಚುಚ್ಚಿ ಕೋಟು ಕೊಟ್ರೆ ನೀವು ಹಾಕ್ಕೋತೀರಾ ಸಾರ್?"

"ಅಯ್ಯೋ, ಒಳ್ಳೇದಕ್ಕೆ ಹೇಳಿದೆ ಕಣಮ್ಮ."

"ಬೇರೆಯವರಿಗೆ ಏನು ಕೇಳ್ತೀರೋ ಅದನ್ನೇ ಕೇಳಿ."

ಮೇಷ್ಟ್ರು ಮುಖ ಗಂಟಿಕ್ಕಿಕೊಂಡು ನಾಲ್ಕು ಕೋಮಲ ಸ್ವರಗಳಿರುವ ಕಷ್ಟದ ಸ್ಕೇಲನ್ನೇ ಕೇಳಿದರು.

ಆಕೆ ಮೊಣಕೈಯನ್ನು ಪಿಟೀಲಿನ ಅಡಿಗೆ ಪೂರ್ತಿ ಎಳೆದುಕೊಂಡಳು. ಬೆರಳು ಮಡಚದಿದ್ದರೆ ಬೇಡ, ಇಡೀ ತೋಳನ್ನೇ ತಿರುಗಿಸಿ ಅದನ್ನು ನೆಟ್ಟಗೆ ತಂತಿಯ ಮೇಲೆ ಊರಿದಳು. ಮೊದಲ ಸಲ ಸ್ವರ ಕೂದಲೆಳೆಯಷ್ಟು ತಗ್ಗಿತು. ಯಾರ ಅಪ್ಪಣೆಗೂ ಕಾಯದೆ ಮತ್ತೆ ಮೊದಲಿನಿಂದ ಹಿಡಿದಳು. ಈ ಬಾರಿ ಹತ್ತುವಾಗಲೂ ಇಳಿಯುವಾಗಲೂ ಸ್ವರ ನಿಂತಿತು.

"ಕೈ ಹಿಡಿಯೋ ಕ್ರಮ ಇದಲ್ಲ," ಎಂದರು ಮೇಷ್ಟ್ರು.

"ಸ್ವರ ಸರಿ ಇದೆಯಾ ಹೇಳಿ."

ಮೇಷ್ಟ್ರು ಇನ್ನೊಂದು ಸ್ಕೇಲು ಕೇಳಿದರು, ಆಮೇಲೆ ಮತ್ತೊಂದು. ಮೂರನೆಯದು ಮುಗಿದಾಗ ಪೆನ್ನಿನ ಮುಚ್ಚಳ ಹಾಕಿದರು.

"ಗುರುವಾರ ಬನ್ನಿ. ತಡ ಮಾಡಬೇಡಿ."

ಗುರುವಾರ ಆಕೆ ಹಿಂದಿನ ಸಾಲಿನಲ್ಲಿ ಕೂತು, ಎಲ್ಲೂ ಕಮಾನು ಸುಮ್ಮನೆ ಆಡಿಸದೆ, ಒಂದು ಸ್ವರವನ್ನೂ ಬಿಡದೆ ನುಡಿಸಿದಳು. ಎರಡು ಕಡೆ ತಪ್ಪಿತು, ಎಲ್ಲರಿಗೂ ಕೇಳಿಸಿತು.