ಕೋಬಿ ಹೇಳಿದ ಕಾರಣ

“ಶಾಲೆಯವರೇ ಕತ್ತು ಹಿಡಿದು ದಬ್ಬಿದ ಕತ್ತೆ, ಇವನು ದೇಶದ ಮನಸ್ಸು ಅಳೀತಾನಂತೆ! ಇಂಥವನನ್ನ ಮಗನ ಹಾಗೆ ನೋಡ್ಕೊಂಡ್ಲು ನನ್ನ ತಂಗಿ!”

ಕೋಬಿ ಮೇಜು ಕುಟ್ಟಿದ. ಶವಸಂಸ್ಕಾರದ ಊಟಕ್ಕೆ ಕೂತವರೆಲ್ಲ ಕೈಯಲ್ಲಿದ್ದ ತುತ್ತು ಬಿಟ್ಟು, ಆ ತಂಗಿಯ ಸಮೀಕ್ಷಾ ಕಚೇರಿಯಲ್ಲೇ ಕೆಲಸ ಕಲಿತ ರೆಟೊನತ್ತ ತಿರುಗಿದರು.

“ಸುಮ್ನಿರಯ್ಯ ಕೋಬಿ,” ಎಂದಳು ಹೋಟೆಲಿನೊಡತಿ ವೆರೇನಾ. “ನಿನ್ನ ತಂಗಿ ಮಾರ್ಗ್ರಿತ್‌ಗೆ ಮಣ್ಣು ಕೊಟ್ಟು ಇನ್ನೂ ಗಂಟೆ ಆಗಿಲ್ಲ.”

“ಯಾಕೆ ಸುಮ್ನಿರ್ಲಿ? ಮೂವತ್ತು ವರ್ಷ ಕಂಡೋರಿಗೆಲ್ಲ ಫೋನ್ ಮಾಡಿ ಮತದಲ್ಲಿ ಯಾಕೆ ಹೌದು ಅಂದ್ರಿ, ಯಾಕೆ ಬೇಡ ಅಂದ್ರಿ ಅಂತ ಕೇಳಿದ್ಲು. ಒಡಹುಟ್ಟಿದ ಅಣ್ಣನ್ನ ಕೇಳಿದ್ಲಾ?”

ಮೇಜಿನಡಿ ರೆಟೊನ ಮುಷ್ಟಿ ಬಿಗಿಯಿತು. ಒಂದೇ ಮಾತು ಸಾಕಿತ್ತು, ಈ ಮುದುಕನ ಮೀಸೆ ಊರೆದುರು ಮಣ್ಣಾಗುತ್ತಿತ್ತು.

*

ಕೆಲ ವರ್ಷಗಳ ಹಿಂದಿನ ಮಾತು. ಕರುವಿದ್ದಾಗಲೇ ಸುಟ್ಟುಹಾಕದೆ ಹಸುವಿನ ಕೊಂಬು ಉಳಿಸುವ ರೈತರಿಗೆ ಸರ್ಕಾರ ಹಣ ಕೊಡಬೇಕೇ ಎಂದು ಇಡೀ ಸ್ವಿಟ್ಜರ್ಲೆಂಡ್ ಮತ ಹಾಕಿದ ವರ್ಷ ಅದು. ‘ಬೇಡ’ ಎಂದು ಇದೇ ಹೋಟೆಲಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ಕೋಬಿ. ‘ಬೇಕು’ ಎಂದ ತಂಗಿಯನ್ನು ಹಟ್ಟಿಯಿಂದ ಆಚೆ ಕಳಿಸಿ ಮಾತು ಬಿಟ್ಟ.

ಮತದಾನ ಮುಗಿದ ಮೇಲಿನ ಸಮೀಕ್ಷೆಯಲ್ಲಿ ಫೋನ್ ನಂಬರನ್ನು ಯಂತ್ರವೇ ಚೀಟಿ ಎತ್ತಿದಂತೆ ಎತ್ತುತ್ತದೆ. ಆ ದಿನ “ಹಲೋ” ಎಂಬ ಅಣ್ಣನ ದನಿ ಕೇಳಿದ್ದೇ ಮಾರ್ಗ್ರಿತ್ ಬಿಳುಚಿಕೊಂಡಳು. ಪರಿಚಿತರಾದರೆ ಬೇರೆಯವರು ಕೇಳಬೇಕು, ಅದು ಕಟ್ಟಳೆ. ಕಿವಿಯ ಫೋನು ಬಿಚ್ಚಿ ಪಕ್ಕದಲ್ಲಿದ್ದ ರೆಟೊನ ತಲೆಗೆ ತೊಡಿಸಿ, ಕಿಟಕಿಯ ಬಳಿ ಹೋಗಿ ಬೆನ್ನು ಹಾಕಿ ನಿಂತಳು.

ರೆಟೊ ಅವಳೇ ಕಲಿಸಿದ ಹಾಗೆ ಕೇಳಿದ. “ಕಾರಣ?” ಎಂದು, ಮನಸ್ಸಿನಲ್ಲೇ ಐದು ಎಣಿಸುತ್ತ ಬಾಯಿ ಮುಚ್ಚಿಕೊಂಡ. ಮೌನ ತಡೆಯಲಾರದೆ ಜನ ನಿಜ ಹೇಳುತ್ತಾರೆ. ನಾಲ್ಕಕ್ಕೇ ಕೋಬಿ ಬಾಯಿಬಿಟ್ಟ.

“‘ಬೇಕು’ ಅಂತಲೇ ಮತ ಹಾಕಿದೆ ಕಣಪ್ಪ. ಚಿಕ್ಕೋಳಿದ್ದಾಗ ನನ್ನ ತಂಗಿ, ಕರುವಿನ ಕೊಂಬು ಸುಡೋವಾಗ ಅದನ್ನ ತಬ್ಕೊಂಡು ಅತ್ತಿದ್ಲು. ಕರುವಿನ ಕೂಗು ಮರೆತುಹೋಯ್ತು. ಅವಳದು ಮರೆತಿಲ್ಲ.”

ರೆಟೊ ಒಂದಕ್ಷರ ಬಿಡದೆ ಬರೆದುಕೊಂಡ. ಮಾರ್ಗ್ರಿತ್ ಹಿಂದಿರುಗಿ ಬಂದು ಅವನ ಮುಖವನ್ನೇ ನೋಡಿದಳು.

“ಮುಗೀತಾ?”

“ಮುಗೀತು ಅಕ್ಕ.”

ಫೋನಿನಲ್ಲಿ ಜನ ಹೇಳಿದ್ದು ಗುಟ್ಟು, ಹೆತ್ತ ತಾಯಿಗೂ ಹೇಳಬಾರದು, ಅದೂ ಕಟ್ಟಳೆ. ಅವಳು ಕೇಳಲಿಲ್ಲ. ಸಾಯುವ ತನಕ ಕೇಳಲಿಲ್ಲ.

*

ಊಟದ ಮೇಜಿನಲ್ಲಿ ರೆಟೊ ಹಲ್ಲು ಕಚ್ಚಿ ಐದು ಎಣಿಸಿದ. ಕೋಬಿಯ ದನಿ ತಾನಾಗಿ ಇಳಿಯಿತು.

“ಒಂದ್ಸಲ ಫೋನ್ ಮಾಡಿದ್ಲು, ಉಸಿರಲ್ಲೇ ಅವಳು ಅಂತ ಗೊತ್ತಾಯ್ತು... ನನ್ನ ದನಿ ಕೇಳಿ ಯಾವನ ಕೈಗೋ ಕೊಟ್ಟುಬಿಟ್ಲು. ಅಲ್ಲೇ ಕೆಲಸ ಮಾಡೋನಲ್ವೇನೋ ನೀನು? ಆವತ್ತು ನಾನು ಹೇಳಿದ್ದು ಅವಳಿಗೆ ಮುಟ್ಟಿತಾ? ಅಷ್ಟು ಹೇಳೋ, ಮಾರಾಯ.”

ರೆಟೊ ಎದ್ದು ಟೋಪಿ ತೆಗೆದುಕೊಂಡ. “ಲೋ, ನಿನ್ನನ್ನೇ ಕೇಳ್ತಿರೋದು!” ಎಂಬ ಕೂಗಿನ ಮೇಲೆ ಬಾಗಿಲೆಳೆದ.

ಬೇಲಿಯಾಚೆ ಕೋಬಿಯ ಹೊಸ ಕರು ನಿಂತಿತ್ತು. ನೆತ್ತಿಯ ಎರಡೂ ಕಡೆ, ರೋಮದೊಳಗಿಂದ, ಸುಡದೆ ಬಿಟ್ಟ ಕೊಂಬಿನ ಮೊಳಕೆ. ರೆಟೊ ಅದರ ಮೇಲೊಮ್ಮೆ ಬೆರಳಾಡಿಸಿ, ಹಿಂದೆ ನೋಡದೆ ನಡೆದ.