ಮರಿಕೋಗಿಲೆಯ ಸ್ವಂತ ದನಿ

ನಾಲ್ಕು ದಿನ ತಮ್ಮನ ಸಿನಿಮಾದ ಡಬ್ಬಿಂಗ್ ಆಗಿ ಐದನೆಯ ದಿನ ಸ್ಟುಡಿಯೋದಿಂದ ಫೋನ್ ಬರಲಿಲ್ಲ. ನಾನೇ ಮಾಡಿದೆ. "ಇವತ್ತು ಬೇಡ ಮೇಡಂ, ಆಮೇಲೆ ಹೇಳ್ತೀವಿ" ಎಂದ ಸಹಾಯಕ ನಿರ್ದೇಶಕ. ಯಾಕೆ ಅಂತ ನಾನು ಕೇಳಿರಲೇ ಇಲ್ಲ, ಆದರೂ "ಏನೂ ಇಲ್ಲ ಮೇಡಂ, ಸುಮ್ನೆ" ಅಂತ ಸೇರಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ. ನನಗೆ ಅಷ್ಟು ಸಾಕಾಯಿತು. ನನ್ನ ತಮ್ಮನ ದನಿ ತೆಗೆದು ಇನ್ಯಾರದೋ ದನಿ ಅಂಟಿಸುತ್ತಿದ್ದಾರೆ ಎಂದುಕೊಂಡೆ.

ತಮ್ಮನನ್ನು ಯಾರಿಗೂ ಪರಿಚಯ ಮಾಡಿಕೊಡಬೇಕಾಗಿರದ ಕಾಲ ಒಂದಿತ್ತು. ಹದಿಮೂರಕ್ಕೆ ಮೊದಲ ಆಲ್ಬಂ ಬಂತು. ಪತ್ರಿಕೆಯವರು ಮರಿಕೋಗಿಲೆ ಎಂದರು. ಹುಡುಗಿಯರು ನಮ್ಮ ಮನೆ ಗೇಟಿನ ಬಣ್ಣವನ್ನು ನೆನಪಿಗೆಂದು ಉಗುರಲ್ಲಿ ಕೆರೆದು ಒಯ್ದರು, ಅಪ್ಪ ವರ್ಷಕ್ಕೆರಡು ಸಲ ಬಣ್ಣ ಹೊಡೆಸಿದ. ಹದಿನೈದಕ್ಕೆ ಅವನ ಗಂಟಲು ಒಡೆಯಿತು. ಮೂರನೆಯ ಆಲ್ಬಮ್ಮಿಗೆ ಆಗಲೇ ದಿನ ಗೊತ್ತಾಗಿತ್ತು, ಊರೆಲ್ಲ ಪೋಸ್ಟರ್ ಬಿದ್ದಿತ್ತು.

ಆ ಆಲ್ಬಂ ಪೂರ್ತಿ ಹಾಡಿದ್ದು ನಾನು. ಅವನಿಗಿಂತ ಎರಡು ವರ್ಷ ದೊಡ್ಡವಳು, ದನಿ ಮಾತ್ರ ಅಚ್ಚು ಅವನದೇ. ವಿಷಯ ಗೊತ್ತಿದ್ದದ್ದು ಅಪ್ಪನಿಗೆ, ಸಂಗೀತ ನಿರ್ದೇಶಕರಿಗೆ, ನಮ್ಮಿಬ್ಬರಿಗೆ. ವೇದಿಕೆಯಲ್ಲಿ ನನ್ನ ಟೇಪು ಓಡುತ್ತಿತ್ತು, ಅವನು ತುಟಿ ಆಡಿಸುತ್ತಿದ್ದ. ಅಪ್ಪಿತಪ್ಪಿ ಮೈಕು ಆನ್ ಆಗಿದ್ದರೆ ಮಾನ ಹರಾಜು. ಅದಕ್ಕೇ ಪರದೆ ಪಕ್ಕ ನಿಂತು ಕಲಿಸುತ್ತಿದ್ದೆ: "ನನ್ನನ್ನೇ ನೋಡು ಪುಟ್ಟ. ತುಟಿ ಪೂರ್ತಿ ಬಿಡು, ದನಿ ಮಾತ್ರ ಬಿಡಬೇಡ." ಮೂರು ವರ್ಷ ಅವನ ಬಾಯಿಂದ ಒಂದು ಪಿಸುಮಾತೂ ಹೊರಬೀಳಲಿಲ್ಲ. ನನಗೆ ಅದು ಹೆಮ್ಮೆಯಾಗಿತ್ತು.

ಆಮೇಲೆ ಸಿನಿಮಾ. ಆರು ಚಿತ್ರಗಳಲ್ಲಿ ಕುಣಿದ, ಹೊಡೆದಾಡಿದ, ಮಾತಾಡಿದ್ದು ಮಾತ್ರ ಬೇರೆಯವರು. ಮರಿಕೋಗಿಲೆಯ ಬಾಯಲ್ಲಿ ಗಂಡಸಿನ ಒಡಕು ದನಿ ಬಂದರೆ ಜನ ಒಪ್ಪುವುದಿಲ್ಲ ಎಂದು ನಿರ್ಮಾಪಕರಿಗೆ ಅಂಜಿಕೆ. ಮೂವತ್ತಮೂರಕ್ಕೆ ಈ ಏಳನೆಯದು ಸಿಕ್ಕಿತು: ಅಪಘಾತ ಮಾಡಿದ ಬಸ್ ಡ್ರೈವರನ ಪಾತ್ರ. ನಿರ್ದೇಶಕಿ ಅವನಿಗಿಂತ ಚಿಕ್ಕವಳು, "ನಿಮ್ಮ ದನಿಯೇ ಬೇಕು" ಎಂದಳು. ಅವತ್ತು ಊಟಕ್ಕೆ ಕೂತವನು ತನ್ನಷ್ಟಕ್ಕೆ ತಾನೇ ನಕ್ಕ. ಇದರಲ್ಲೂ ದನಿ ಕೈಬಿಟ್ಟರೆ ಅವನು ಮತ್ತೆ ಕ್ಯಾಮೆರಾ ಮುಂದೆ ನಿಲ್ಲುವವನಲ್ಲ.

ಅದಕ್ಕೇ ನಾನು ಕಾವಲು ಕೂತೆ. ಶೂಟಿಂಗಿನಲ್ಲಿ ಕ್ಯಾಮೆರಾ ಪಕ್ಕ ಕುರ್ಚಿ ಹಾಕಿಸಿಕೊಂಡೆ, ಡಬ್ಬಿಂಗಿನಲ್ಲಿ ಗಾಜಿನ ಈಚೆ. ಅಲ್ಲಿ ದನಿ ಕೇಳುತ್ತಿದ್ದದ್ದು ಹೆಡ್‌ಫೋನ್ ಹಾಕಿಕೊಂಡವರಿಗೆ, ನನಗೆ ಕಾಣುತ್ತಿದ್ದದ್ದು ತಮ್ಮನ ತುಟಿ. ಕಷ್ಟದ ದೃಶ್ಯ ಬಂದಾಗಲೆಲ್ಲ ಅವನು ನನ್ನ ಕಡೆ ನೋಡುತ್ತಿದ್ದ, ನಾನು ತಲೆಯಾಡಿಸುತ್ತಿದ್ದೆ. ಸೌಂಡ್ ಇಂಜಿನಿಯರ್ ನನ್ನನ್ನು ಕಂಡರೆ ಮುಖ ಹುಳ್ಳಗೆ ಮಾಡುತ್ತಿದ್ದ. ಅವನ ಮೇಲೆ ನನಗೆ ಮೊದಲಿನಿಂದಲೂ ಒಂದು ಕಣ್ಣು. ನಾಲ್ಕನೆಯ ದಿನ ಮಧ್ಯಾಹ್ನ ತಮ್ಮನಿಗೆ ಗಂಟಲು ನೋವು ಎಂದು ಕೆಲಸ ನಿಲ್ಲಿಸಿದವನೂ ಅವನೇ. ಮನೆಗೆ ಬಂದ ತಮ್ಮ ಮಾತ್ರ ತಣ್ಣೀರು ಗಟಗಟ ಕುಡಿದ!

ಆರನೆಯ ದಿನ ಬೆಳಿಗ್ಗೆ ತಮ್ಮ ಜಿಮ್ಮಿಗೆ ಅಂತ ಹೋದ, ಶೂ ಮನೆಯಲ್ಲೇ ಇತ್ತು. ನಾನು ಸೀದಾ ಸ್ಟುಡಿಯೋಗೆ ಹೋದೆ. ಕಾರಿಡಾರಿನ ಬೆಂಚಿನ ಮೇಲೆ ಒಬ್ಬ ಕೂತಿದ್ದ. ಸುಡುಬಿಸಿಲಲ್ಲಿ ಕುತ್ತಿಗೆಗೆ ಮಫ್ಲರ್, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಅವನ ಕಸುಬೇನೆಂದು ಕೇಳಬೇಕಾಗಿರಲಿಲ್ಲ.

"ಯಾರಿಗೆ ವಾಯ್ಸ್ ಕೊಡೋಕೆ ಬಂದ್ರಿ?"

ಅವನು ಪಾಪ, ಎದ್ದು ನಿಂತ. "ಡ್ರೈವರ್ ಪಾತ್ರಕ್ಕೆ ಮೇಡಂ. ಬೇಕಾದ್ರೆ ಕರೀತೀವಿ ಅಂದಿದ್ದಾರೆ."

ನನ್ನ ಮೈ ಉರಿಯಿತು. ಬಾಗಿಲು ನೂಕಿಕೊಂಡು ಒಳಗೆ ನುಗ್ಗಿದೆ. ನಿರ್ದೇಶಕಿ, ಇಂಜಿನಿಯರ್, ಗಾಜಿನಾಚೆ ಮೈಕಿನ ಮುಂದೆ ಸ್ಟೂಲಿನ ಮೇಲೆ ನನ್ನ ತಮ್ಮ. ನನ್ನನ್ನು ಕಂಡವನೇ ತಲೆ ತಗ್ಗಿಸಿದ.

"ಬೆನ್ನಿಗೆ ಚೂರಿ ಹಾಕೋಕೆ ಹಗಲೇ ಬೇಕಿತ್ತಾ ನಿಮಗೆ?" ಎಂದೆ.

"ಹೊರಗಿರೋರನ್ನ ಕರೆಸಿದ್ದು ನಾವಲ್ಲ, ಅಕ್ಕಾವ್ರೇ" ಎಂದಳು ನಿರ್ದೇಶಕಿ. "ನಿಮ್ಮ ತಮ್ಮಾನೇ. ನಿಮಗೆ ಹೇಳಬೇಡಿ ಅಂದಿದ್ದೂ ಅವರೇ."

ಇಂಜಿನಿಯರ್ ಪರದೆಯ ಮೇಲೆ ಒಂದು ದೃಶ್ಯ ಹಾಕಿದ, ಜೊತೆಗೆ ಶೂಟಿಂಗ್ ಹೊತ್ತಿನಲ್ಲಿ ಹಿಡಿದ ಶಬ್ದ. ಅಪಘಾತದಲ್ಲಿ ಸತ್ತ ಹುಡುಗಿಯ ತಾಯಿಯೆದುರು ಡ್ರೈವರು ತಪ್ಪು ಒಪ್ಪಿಕೊಳ್ಳುವ ದೃಶ್ಯ. ಸೆಟ್ಟಿನಲ್ಲಿ ಎಲ್ಲರೂ ಅತ್ತಿದ್ದರು, ನಾನೂ ಅತ್ತಿದ್ದೆ. ತಮ್ಮನ ತುಟಿ ನಡುಗಿತು, ಗಂಟಲಿನ ನರ ಉಬ್ಬಿತು, ಬಾಯಿ ಒಂದೊಂದು ಅಕ್ಷರವನ್ನೂ ಆಡಿತು. ಕೇಳಿದ್ದು ಫ್ಯಾನು ತಿರುಗುವ ಸದ್ದು, ಯಾರದೋ ಚಪ್ಪಲಿಯ ಸದ್ದು. ತಮ್ಮನ ದನಿ ಒಂದು ಚೂರೂ ಇಲ್ಲ.

"ಮೆಲ್ಲಗೆ ಹೇಳ್ತಿದ್ದಾರೆ ಅಂದ್ಕೊಂಡಿದ್ವಿ," ಎಂದ ಇಂಜಿನಿಯರ್. "ಡಬ್ಬಿಂಗಲ್ಲಿ ಸರಿ ಮಾಡೋಣ ಅಂತ ಬಿಟ್ವಿ. ಮೊನ್ನೆ ಈ ಮೈಕ್ ಮುಂದೇನೂ ಹಿಂಗೇ. ಆಮೇಲೆ ಶೂಟಿಂಗ್ ಹೊತ್ತಲ್ಲಿ ದಿನಾ ಬರೆದಿಟ್ಟ ನನ್ನ ಶೀಟ್ ತೆಗೆದು ನೋಡಿದೆ. ಇಂಥ ದೃಶ್ಯ ಒಟ್ಟು ಏಳು. ಐದರಲ್ಲಿ ದನಿ ಇಲ್ಲ. ಎರಡರಲ್ಲಿ ಗಂಟೆ ಹೊಡೆದ ಹಂಗಿದೆ. ಆ ಎರಡು ದಿನ ನೀವು ಜ್ವರ ಅಂತ ಬಂದಿರಲಿಲ್ಲ."

ಇವನೂ ಪಿತೂರಿಯಲ್ಲಿ ಸೇರಿದ್ದಾನೆ ಎಂದುಕೊಳ್ಳಲು ನೋಡಿದೆ. ಆಗಲಿಲ್ಲ. ಗಾಜಿನ ಕೋಣೆಯ ಬಾಗಿಲು ತೆರೆದು ತಮ್ಮನ ಹತ್ತಿರ ಹೋದೆ.

"ನಂಗೆ ಯಾಕೋ ಹೇಳಲಿಲ್ಲ?"

"ಹೇಳಿದ್ರೆ ನೀನು ಬಂದು ಪಕ್ಕ ನಿಂತ್ಕೋತಿದ್ದೆ."

"ಈಗಲೂ ನಿಂತ್ಕೋತೀನಿ. ಕೈ ಹಿಡ್ಕೋ. ಇಬ್ಬರೂ ಸೇರಿ—"

"ಅಕ್ಕ." ಅವನು ನನ್ನ ಕಡೆ ನೋಡದೆ ಹೇಳಿದ. "ನಿನ್ನ ಮುಖ ಕಂಡ್ರೆ ಗಂಟಲಿಗೆ ಚಿಲಕ ಬೀಳತ್ತೆ. ನಿಂಗೆ ಬೇಜಾರಾಗತ್ತೆ ಅಂತ ಇಷ್ಟು ವರ್ಷ ಹೇಳಲಿಲ್ಲ. ಇವತ್ತು ಒಂದು ಸಲ ಪ್ರಯತ್ನ ಮಾಡ್ತೀನಿ. ಆಗಲಿಲ್ಲ ಅಂದ್ರೆ ಹೊರಗಿರೋರು ಮಾಡ್ಲಿ. ನೀನು ಹೋಗು."

ಹದಿನೆಂಟು ವರ್ಷ ಯಾರ್ಯಾರನ್ನೋ ಅನುಮಾನಿಸಿದ್ದೆ. ನಿರ್ಮಾಪಕರನ್ನು, ಮೇಕಪ್ಪಿನವನನ್ನು, ಅವನು ಮದುವೆಯಾಗಬೇಕಿದ್ದ ಹುಡುಗಿಯನ್ನು ಕೂಡ. ಪಟ್ಟಿಯಲ್ಲಿ ನನ್ನ ಹೆಸರು ಮಾತ್ರ ಇರಲಿಲ್ಲ. ಅವನ ಬಾಯಿ ಕಟ್ಟಿದವಳು ನಾನೇ ಎಂದು ತಿಳಿದಾಗ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚಾಯಿತು. ನಾನಿಲ್ಲದೆ ಅವನು ಮಾತಾಡಬಲ್ಲ ಎಂಬುದನ್ನು ನುಂಗುವುದು ಸುಲಭವಿರಲಿಲ್ಲ.

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಬಾಗಿಲ ಮೇಲಿನ ಕೆಂಪು ದೀಪ ಹತ್ತಿತು. ದಪ್ಪ ಬಾಗಿಲು, ಕಿವಿಗೊಟ್ಟರೂ ಏನೂ ಕೇಳದು. ಮಫ್ಲರಿನವನು ಎದ್ದಾಗ ಅವನ ತೋಳು ಹಿಡಿದೆ.

"ಎಲ್ಲಿಗೆ?"

"ಬಾತ್‌ರೂಮಿಗೆ ಮೇಡಂ."

"ದೀಪ ಆರೋವರೆಗೂ ಎಲ್ಲಿಗೂ ಹೋಗಬೇಡಿ."

ಅವನು ಕೂತ. ಅರ್ಧ ಗಂಟೆ ಇಬ್ಬರೂ ಆ ದೀಪ ನೋಡಿದೆವು. ಅದು ಆರಿತು. ಇಂಜಿನಿಯರ್ ತಲೆ ಹೊರಹಾಕಿ, "ನೀವು ಮನೆಗೆ ಹೋಗಬಹುದು ಸಾರ್" ಎಂದು ಮಫ್ಲರಿನವನಿಗೆ ಹೇಳಿದ. ಅವನು ಬಾತ್‌ರೂಮಿಗೆ ಓಡಿದ. ಆಮೇಲೆ ತಮ್ಮ ಬಂದ. ಅಂಗಿ ಬೆನ್ನಿಗೆ ಅಂಟಿತ್ತು, ಕಣ್ಣು ಕೆಂಪಾಗಿತ್ತು.

"ಆಯ್ತಾ?"

"ಆಯ್ತು."

"ಒಂದ್ಸಲ ಕೇಳಿಸೋಕೆ ಹೇಳೋ. ಹೆಂಗೆ ಬಂದಿದೆ ನೋಡ್ತೀನಿ."

"ಬೇಡ. ರಿಲೀಸ್ ಆದಾಗ ಟಿಕೆಟ್ ತಗೊಂಡು ಕೇಳು, ಎಲ್ಲರ ಥರ."

ಅಳು ಬಂತೋ ಸಿಟ್ಟು ಬಂತೋ, ಎರಡನ್ನೂ ತಡೆದುಕೊಂಡೆ. "ಬಾಲ್ಕನೀಲಿ ಮುಂದಿನ ಸಾಲು ತಗೊಳ್ಲಾ?" ಅಂತ ಕೇಳಿದೆ.

ಅವನು ಮುಖದ ಬೆವರನ್ನು ಅಂಗಿಯ ತೋಳಿಗೆ ಒರೆಸಿಕೊಂಡ.

"ಕೊನೇದು ತಗೋ ಅಕ್ಕ," ಎಂದ. "ಅವತ್ತು ನಾನೂ ಬರ್ತೀನಿ, ಮುಂದಿನ ಸಾಲಿಗೆ."