ಎಂಟು ದಿನದ ಮಾತು

ಕಾರು ಸಂತಪುರ ದಾಟಿದ ಮೇಲೆ ಪೂನಮ ಮಾತು ನಿಲ್ಲಿಸಿದಳು. ಅಲ್ಲಿಯವರೆಗೆ ಕಾಲೇಜಿನ ನಲಿನಿ ಮೇಡಂ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದಳು. ಪಾಸ್‌ಪೋರ್ಟ್ ಬಂದಿದೆ, ಬ್ಲೇಜರ್ ಹೊಲಿಯಲು ಅಳತೆ ಕೊಟ್ಟಾಗಿದೆ, ಅಪ್ಪ ಭಾಲ್ಕಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿ ಮುಗಿಸಿದ್ದಾರೆ. ಹಿಂದಿನ ಸೀಟಿನಲ್ಲಿ ಆಶೀಷ ಟ್ರೈಪಾಡನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದ. ಅವನು ಕಮಠಾಣದ ಹುಡುಗ, ಕಾಲೇಜಿನ ಎಲ್ಲ ವಿಡಿಯೋಗಳನ್ನೂ ತೆಗೆಯುವವನು. ರಸ್ತೆಯ ಎರಡೂ ಬದಿಗೆ ತೊಗರಿ ಒಣಗಿ ನಿಂತಿತ್ತು, ಅಲ್ಲಲ್ಲಿ ರಾಶಿ ನಡೆದಿತ್ತು. ಠಾಣಾ ಕುಶನೂರ ಮುಟ್ಟುವುದರೊಳಗೆ ಕಾರು ಕೆಟ್ಟು ನಿಂತರೂ ನಿಲ್ಲಬಹುದು ಎಂದು ಪೂನಮ ಆಸೆಪಟ್ಟಳು. ಮೇಡಂ ಕಾರು ಕೊಂಡು ಇನ್ನೂ ಎರಡು ತಿಂಗಳಾಗಿರಲಿಲ್ಲ, ಅದು ಕೆಡುವ ಲಕ್ಷಣ ಕಾಣಲಿಲ್ಲ.

ಪದವಿ ಓದುವ ಮಕ್ಕಳಿಗಾಗಿ ವಿಶ್ವವಿದ್ಯಾಲಯ ಎರಡು ವರ್ಷದ ಹಿಂದೆ ಒಂದು ಪ್ರಶಸ್ತಿ ಶುರು ಮಾಡಿತ್ತು. ಅದರ ಹೆಸರು ಜಾಗತಿಕ ನಾಗರಿಕ ಪ್ರಶಸ್ತಿ. ತನ್ನ ಊರಿನವರಲ್ಲದ, ತನ್ನ ಸಮಾಜದವರಲ್ಲದ ಜನರ ನಡುವೆ ನೂರು ತಾಸು ಸೇವೆ ಮಾಡಿ, ಅದನ್ನು ಒಂದು ಪುಸ್ತಿಕೆಯಲ್ಲಿ ಬರೆದು, ಸಹಿ ಹಾಕಿಸಬೇಕು. ಪ್ರತಿ ನಮೂದಿನ ಕೆಳಗೆ ‘ನಾನು ಕಲಿತದ್ದು’ ಎಂಬ ಖಾನೆಯಿತ್ತು, ಅದು ಐವತ್ತು ಪದ ಮೀರುವಂತಿಲ್ಲ. ಇಡೀ ಜಗತ್ತು ಒಂದೇ ಕುಟುಂಬ ಎಂದು ಪುಸ್ತಿಕೆಯ ಮೊದಲ ಪುಟ ಹೇಳುತ್ತಿತ್ತು. ಸಹಿಯಿಲ್ಲದ ತಾಸುಗಳನ್ನು ಪರಿಗಣಿಸಲಾಗುವುದಿಲ್ಲ ಎಂದು ಎರಡನೆಯ ಪುಟ ಹೇಳುತ್ತಿತ್ತು. ನೂರು ತಾಸು ಮುಗಿಸಿದವರಿಗೆ ಕಂಚು, ಸಂದರ್ಶನದಲ್ಲಿ ಗೆದ್ದವರಿಗೆ ಬೆಳ್ಳಿ. ಚಿನ್ನ ಮಾತ್ರ ವರ್ಷಕ್ಕೊಬ್ಬರಿಗೆ, ಆ ಒಬ್ಬರು ಹತ್ತು ದಿನದ ವಿದ್ಯಾರ್ಥಿ ಸಮ್ಮೇಳನಕ್ಕೆ ಕೊಲಂಬೊಗೆ ಹೋಗುತ್ತಾರೆ. ಈ ಸಲ ಚಿನ್ನದ ಕಣದಲ್ಲಿ ಉಳಿದವರು ಇಬ್ಬರೇ, ಅವರಲ್ಲಿ ಪೂನಮ ಒಬ್ಬಳು. ಅವಳ ಸೇವೆಯಿಂದ ಉಪಕಾರವಾದವರೊಬ್ಬರು ತಮ್ಮ ಬಾಯಿಯಿಂದಲೇ ಅದನ್ನು ಹೇಳುವ ಮೂರು ನಿಮಿಷದ ವಿಡಿಯೋ ಒಂದು ಬಾಕಿಯಿತ್ತು. ಶುಕ್ರವಾರ ಅದಕ್ಕೆ ಕಡೆಯ ದಿನ.

ಪೂನಮ ಮಾಡಿದ ಸೇವೆಯೆಂದರೆ ಮಾತು ದಾಟಿಸುವುದು. ಬೀದರಿನ ಒಂದು ದೊಡ್ಡ ದವಾಖಾನೆಗೆ ಔರಾದ ತಾಲೂಕಿನಿಂದ, ಗಡಿಯಾಚೆಯ ಉದಗೀರದಿಂದ, ದೇಗಲೂರಿನಿಂದ ಹೆಂಗಸರು ಬರುತ್ತಾರೆ. ಡಾಕ್ಟರುಗಳು ಮಂಡ್ಯ, ಮೈಸೂರು ಕಡೆಯವರು. ಅವರ ಕನ್ನಡ ಇವರಿಗೆ ತಿಳಿಯದು, ಇವರ ಮರಾಠಿ ಅವರಿಗೆ ತಿಳಿಯದು. ಭಾಲ್ಕಿಯ ಪೂನಮಳ ಮನೆಯಲ್ಲಿ ಅಡುಗೆಮನೆಯ ಮಾತು ಮರಾಠಿ, ಅಂಗಳದ ಮಾತು ಕನ್ನಡ. ಅವಳು ಆರು ತಿಂಗಳು ಶನಿವಾರ ಶನಿವಾರ ಹೆಂಗಸರ ವಿಭಾಗದಲ್ಲಿ ಸ್ಟೂಲು ಹಾಕಿಕೊಂಡು ಕೂತು, ತೊಂಬತ್ತೇಳು ಜನರ ನೋವನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಸಾಗಿಸಿದ್ದಳು.

ಮೇಡಮ್ಮಿಗೆ ಆ ತೊಂಬತ್ತೇಳರಲ್ಲಿ ಹಿಡಿಸಿದ್ದು ಎಂಬತ್ತೊಂದನೆಯದು. ಅಲ್ಲಿ ಪೂನಮ ಹೀಗೆ ಬರೆದಿದ್ದಳು: ‘ಪುತಳಾಬಾಯಿ, ಠಾಣಾ ಕುಶನೂರ, ಕುರಿ ಸಾಕುವವರು. ಬಹಳ ಹೆದರಿದ್ದರು. ಮಾತೃಭಾಷೆಯಲ್ಲಿ ಧೈರ್ಯ ಹೇಳಿದೆ. ನಗುತ್ತ ಮನೆಗೆ ಹೋದರು. ಸಮಯ ನಲವತ್ತು ನಿಮಿಷ. ಕಲಿತದ್ದು: ಗಡಿ ಇರುವುದು ನೆಲದ ಮೇಲೆ, ಮನಸ್ಸಿನಲ್ಲಲ್ಲ.’ ಕೊನೆಯ ವಾಕ್ಯದ ಕೆಳಗೆ ಮೇಡಂ ಹಸಿರು ಶಾಯಿಯಲ್ಲಿ ಗೆರೆ ಎಳೆದಿದ್ದರು. ಪೂನಮ ಬೇರೆ ಮೂವರ ಹೆಸರು ಹೇಳಿ ನೋಡಿದಳು, ಮೇಡಂ ಕೇಳಲಿಲ್ಲ. ಕುರಿ ಸಾಕುವ ಹೆಣ್ಣುಮಗಳು, ಗಡಿಯ ಊರು, ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ ಎಂದರು.

ನಲವತ್ತು ನಿಮಿಷದಲ್ಲಿ ನಡೆದದ್ದು ಪುಸ್ತಿಕೆಯಲ್ಲಿ ಇರಲಿಲ್ಲ. ಪುತಳಾಬಾಯಿಯ ಎಡ ಎದೆಯಲ್ಲಿ ಒಂದು ಗಂಟು ಇತ್ತು. ಡಾಕ್ಟರು ಪರೀಕ್ಷಿಸಿ, ಕೈ ತೊಳೆದುಕೊಂಡು ಬಂದು, ಇದು ಕ್ಯಾನ್ಸರ್ ಇರಬಹುದು, ಎಂಟು ದಿನದೊಳಗೆ ಮತ್ತೆ ಬರಬೇಕು, ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು, ತಡಮಾಡಿದರೆ ಕಷ್ಟ ಎಂದು ಸ್ಪಷ್ಟವಾಗಿ ಹೇಳಿದರು. ಪೂನಮ ಪುತಳಾಬಾಯಿಯ ಕಡೆ ತಿರುಗಿದಳು. ಆ ಮುಖ ನೋಡಿದ ಮೇಲೆ ಬಾಯಿಂದ ಬೇರೆಯೇ ಬಂತು. ಹಾಲಿನ ನರ ಗಂಟು ಕಟ್ಟಿದೆ, ಏನೂ ಆಗಿಲ್ಲ, ಗುಳಿಗೆ ತಗೋ, ಸುಗ್ಗಿ ಕೆಲಸ ಮುಗಿದ ಮೇಲೆ ಒಮ್ಮೆ ಬಂದು ತೋರಿಸು ಎಂದಳು. ಡಾಕ್ಟರು “ಹೇಳಿದಿರಾ?” ಎಂದು ಕೇಳಿದರು. ಹೇಳಿದೆ ಎಂದಳು.

ಅವಳು ಇದನ್ನು ಸುಳ್ಳು ಎಂದುಕೊಂಡಿರಲಿಲ್ಲ. ಅವಳ ಮನೆಯಲ್ಲಿ, ಅವಳು ಕಂಡ ಎಲ್ಲ ಮನೆಗಳಲ್ಲಿ, ಇಂಥ ಮಾತನ್ನು ರೋಗಿಯ ಮುಂದೆ ಆಡುವುದಿಲ್ಲ, ಹೆಂಗಸಾದರಂತೂ ಇಲ್ಲವೇ ಇಲ್ಲ. ಮನೆಯ ಗಂಡಸನ್ನು ಹೊರಗೆ ಕರೆದು, ಬೇವಿನ ಗಿಡದ ಕೆಳಗೆ ನಿಲ್ಲಿಸಿ ಹೇಳುತ್ತಾರೆ. ಮುಂದಿನದನ್ನು ಅವನು ನೋಡಿಕೊಳ್ಳುತ್ತಾನೆ. ನಾಲ್ಕು ವರ್ಷದ ಹಿಂದೆ ಅವಳ ಅಜ್ಜಿ ಇದೇ ರೋಗದಿಂದ ಹೋದಳು, ಪಿತ್ತವೆಂದು ನಂಬಿಕೊಂಡೇ ಹೋದಳು. ಕಡೆಯ ವಾರ ಅವಳು ಪೂನಮಳ ಮಣಿಕಟ್ಟು ಹಿಡಿದು ನನಗೇನಾಗಿದೆ ಎಂದು ಕೇಳಿದಾಗ, ಪೂನಮಳೂ ಪಿತ್ತವೆಂದೇ ಹೇಳಿದ್ದಳು. ಮುದುಕಿಗೆ ಕೊನೆಗೂ ಗೊತ್ತಾಗದಂತೆ ನೋಡಿಕೊಂಡೆವು ಎಂದು ಮನೆಯವರು ಈಗಲೂ ಬಂದವರ ಮುಂದೆ ಸಮಾಧಾನದಿಂದ ಹೇಳಿಕೊಳ್ಳುತ್ತಾರೆ.

ಆದರೆ ಪುತಳಾಬಾಯಿ ಅವತ್ತು ಬಸ್ಸು ಹತ್ತಿ ಒಬ್ಬಳೇ ಬಂದಿದ್ದಳು. ಗಂಡ ಬಕ್ಕಪ್ಪ ಕುರಿ ಹೊಡೆದುಕೊಂಡು ಗಡಿಯಾಚೆ ಹೋಗಿದ್ದ. ಅವನ ಫೋನ್ ನಂಬರು ಬರೆದುಕೊಂಡು ಪೂನಮ ಅದೇ ಸಂಜೆ ಹಚ್ಚಿದಳು, ಹತ್ತಲಿಲ್ಲ. ಮರುದಿನವೂ ಹತ್ತಲಿಲ್ಲ. ನಾಲ್ಕನೆಯ ದಿನ ರಿಂಗಾಯಿತು, ಯಾರೂ ಎತ್ತಲಿಲ್ಲ. ಆಮೇಲೆ ಸೆಮಿಸ್ಟರ್ ಪರೀಕ್ಷೆ ಬಂತು. ಆಮೇಲೆ ಬೆಳ್ಳಿಯ ಸಂದರ್ಶನ. ಅವಳು ಮರೆತಿದ್ದಳು ಎಂದರೆ ತಪ್ಪಾಗುತ್ತದೆ. ದಿನ ಎಣಿಸುತ್ತಿದ್ದಳು, ಎಣಿಕೆ ಇಪ್ಪತ್ತು ದಾಟಿದ ಮೇಲೆ ಫೋನ್ ಹಚ್ಚಲು ಹೆದರಿಕೆಯಾಗತೊಡಗಿತು.

ಪುತಳಾಬಾಯಿಯ ಮನೆ ಊರಿನ ಅಂಚಿನಲ್ಲಿತ್ತು. ಮುಳ್ಳುಬೇಲಿಯ ಹಟ್ಟಿ ಖಾಲಿಯಾಗಿತ್ತು, ನಾಲ್ಕು ಮರಿಗಳು ಮಾತ್ರ ಬುಟ್ಟಿಯ ಸುತ್ತ ಓಡಾಡುತ್ತಿದ್ದವು. ಬಕ್ಕಪ್ಪ ಇನ್ನೂ ಮಂದೆಯೊಡನೆ ಹೊರಗೇ ಇದ್ದ. ಪುತಳಾಬಾಯಿ ಗುರುತು ಹಿಡಿದು ಓಡಿಬಂದಳು. ಪೂನಮಳ ಕೆನ್ನೆ ಸವರಿ, ಬಲಗೈ ಬೆರಳುಗಳನ್ನು ತನ್ನ ಕಪಾಳಕ್ಕೆ ಒತ್ತಿ ನೆಟಿಗೆ ಮುರಿದಳು. ಎಡಗೈ ಮೇಲೇಳಲಿಲ್ಲ. ನೀರು ತಂದಾಗಲೂ ತಂಬಿಗೆಯನ್ನು ಬಲಗೈಯಿಂದಲೇ ಹಿಡಿದಿದ್ದಳು, ಎಡಗೈಯನ್ನು ಮೈಗೆ ಅಂಟಿಸಿಕೊಂಡಿದ್ದಳು. ಪೂನಮ ಅದನ್ನು ನೋಡಿದಳು, ನೀರು ಕುಡಿಯಲಾಗಲಿಲ್ಲ.

ಆಶೀಷ ಬೆಳಕು ನೋಡಿ ಹಟ್ಟಿಯ ಮುಂದೆ ಹಗ್ಗದ ಹೊರಸು ಹಾಕಿಸಿದ, ಒಂದು ಮರಿಯನ್ನು ತಂದು ಪುತಳಾಬಾಯಿಯ ಮಡಿಲಿಗೆ ಕೊಟ್ಟ. ಮೇಡಂ ರಾಯಚೂರಿನ ಕಡೆಯವರು, ಮರಾಠಿ ಬಾರದು. ಆಶೀಷನಿಗೂ ಅಷ್ಟಕ್ಕಷ್ಟೆ. ಪುತಳಾಬಾಯಿಗೆ ಸಂತೆಯ ಕನ್ನಡವಷ್ಟೇ ಗೊತ್ತು, ಕುರಿಯ ರೇಟು, ದಿನ, ವಾರ. ಅವಳು ಮರಾಠಿಯಲ್ಲೇ ಹೇಳಲಿ, ಆಮೇಲೆ ಪೂನಮ ಕನ್ನಡದಲ್ಲಿ ಹೇಳಲಿ, ಅದೇ ಚೆಂದ ಎಂದು ಮೇಡಂ ನಿರ್ಧರಿಸಿದರು.

ಪುತಳಾಬಾಯಿ ಯಾವ ಅಂಜಿಕೆಯೂ ಇಲ್ಲದೆ ಮಾತಾಡಿದಳು. ನಾನು ಸಾಯುತ್ತೇನೆಂದೇ ಹೋಗಿದ್ದೆ, ನನ್ನ ನಾದಿನಿ ಇಂಥ ಗಂಟಿನಿಂದಲೇ ಸತ್ತಳು, ಡಾಕ್ಟರ ಮುಖ ನೋಡಿ ಕೈಕಾಲು ತಣ್ಣಗಾದವು ಎಂದಳು. ಈ ಪೋರಿ ಕೈ ಹಿಡಿದು ಏನೂ ಆಗಿಲ್ಲ ಅಂದಳು, ಹಾಲಿನ ನರ ಅಂದಳು, ಅವತ್ತಿನಿಂದ ನಿದ್ದೆ ಬರುತ್ತಿದೆ. ಈಗ ಗಂಟು ತುಸು ದೊಡ್ಡದಾಗಿದೆ, ತೋಳು ಸೆಳೆಯುತ್ತದೆ, ಆದರೆ ಪೋರಿ ಹೇಳಿದ ಮೇಲೆ ಹೆದರಿಕೆ ಯಾಕೆ, ತೊಗರಿ ರಾಶಿ ಮುಗಿಯಲಿ, ಹೋಗಿ ತೋರಿಸುತ್ತೇನೆ. ದಿನಾ ದೀಪ ಹಚ್ಚುವಾಗ ಇವಳ ಹೆಸರು ಹೇಳುತ್ತೇನೆ ಎಂದು ಮುಗಿಸಿ, ಮರಿಯ ಬೆನ್ನು ಸವರುತ್ತ ಕ್ಯಾಮೆರಾದ ಕಡೆ ನಕ್ಕಳು. ಆಶೀಷ ಹೆಬ್ಬೆರಳು ಎತ್ತಿದ.

“ಭಾಳ ಛಂದ ಬಂತು. ಏನಂದ್ರು? ಲಗೂ ಹೇಳವ್ವ,” ಎಂದರು ಮೇಡಂ.

ಪೂನಮಳ ಬಾಯಲ್ಲಿ ಒಂದು ವಾಕ್ಯ ತಯಾರಾಗಿಯೇ ಇತ್ತು. ತಾಯ್ನುಡಿಯಲ್ಲಿ ಆಡಿದ ಎರಡು ಮಾತು ಈ ತಾಯಿಗೆ ಬದುಕುವ ಧೈರ್ಯ ಕೊಟ್ಟಿತು. ಅದನ್ನು ಹೇಳಿದರೆ ಕೇಳಿ ತಿದ್ದುವವರು ಅಲ್ಲಿ ಯಾರೂ ಇರಲಿಲ್ಲ. ಕಾರು ತಿರುಗುತ್ತದೆ, ಶುಕ್ರವಾರ ವಿಡಿಯೋ ಹೋಗುತ್ತದೆ, ಬಕ್ಕಪ್ಪನಿಗೆ ನಾಳೆಯೇ ಫೋನ್ ಹಚ್ಚಬಹುದು. ನಾಳೆ ಎಂಬ ಮಾತು ಮನಸ್ಸಿಗೆ ಬಂದದ್ದೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

“ನಾ ಏನ್ ಹೇಳಿದ್ನೋ ಅದನ್ನೇ ಹೇಳ್ಯಾರ್ರಿ ಮೇಡಂ. ಏನೂ ಆಗಿಲ್ಲ ಅಂತ ನಾ ಹೇಳಿದ್ದೆ. ಡಾಕ್ಟರ್ ಹಂಗ ಹೇಳಿರ್ಲಿಲ್ರಿ.”

“ಮತ್ತ ಏನ್ ಹೇಳಿದ್ರು?”

“ಕ್ಯಾನ್ಸರ್ ಇರಬಹುದು, ಎಂಟು ದಿನದಾಗ ಬರಬೇಕು, ತುಣುಕು ತಗದು ತಪಾಸಣಿ ಮಾಡಬೇಕು ಅಂದಿದ್ರು. ಮನಿ ಗಂಡಸ್ರಿಗಿ ಹೇಳೂನು ಅಂತ ನಾ ಇಟ್ಕೊಂಡಿದ್ದೆ. ಫೋನ್ ಹತ್ತಲಿಲ್ರಿ. ಇವತ್ತಿಗಿ ಐವತ್ತೆರಡು ದಿನ ಆಯ್ತು.”

ಮೇಡಂ ಹೊರಸಿನ ಅಂಚಿನಲ್ಲಿ ಕೂತರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಅವರು ಕೆಟ್ಟವರಲ್ಲ. ವಿಡಿಯೋದ ಮಾತನ್ನು ಅವರು ಎತ್ತಲೂ ಇಲ್ಲ. ಪೂನಮಳನ್ನು ಹತ್ತಿರ ಕರೆದು, ದನಿ ತಗ್ಗಿಸಿದರು.

“ಈಗ ಇಲ್ಲಿ ಬಾಯಿ ಬಿಡಬ್ಯಾಡ. ಹೆಣ್ಮಗಳು ಕೇಳಿ ಎದಿ ಒಡ್ಕೊಂಡಾಳು. ಅವರ ಯಜಮಾನ್ರು ಎಲ್ಲಿದ್ದಾರೋ ತಿಳ್ಕೊ, ನಾವೇ ಹೋಗಿ ಹೊರಗ ಕರ್ದು ಹೇಳೂನು.”

ಎರಡು ವರ್ಷದಿಂದ ತರಗತಿಯಲ್ಲಿ ಮಾನವ ಹಕ್ಕುಗಳ ಪಾಠ ಮಾಡುತ್ತಿದ್ದ ಬಾಯಿ ಅದು, ಅವರ ಮನೆಯಲ್ಲೂ ಹೀಗೇ ನಡೆಯುತ್ತಿದ್ದಿರಬೇಕು. ಪೂನಮ ಒಂದು ಕ್ಷಣ ಹಗುರವಾದಳು. ದೊಡ್ಡವರೇ ಹೇಳಿದ್ದಾರೆ, ತನ್ನದೇನೂ ಉಳಿಯಲಿಲ್ಲ ಎನ್ನಿಸಿತು. ಅಷ್ಟರಲ್ಲಿ ಪುತಳಾಬಾಯಿ ಮಡಿಲಿನ ಮರಿಯನ್ನು ಕೆಳಗೆ ಬಿಟ್ಟಳು. ರೋಗದ ಇಂಗ್ಲಿಷ್ ಹೆಸರು ಅವಳಿಗೆ ತಿಳಿಯದು, ಅವರ ಮಾತಿನಲ್ಲಿ ಅವಳಿಗೆ ಗೊತ್ತಿದ್ದುದು ಸಂತೆಯ ಮಾತಷ್ಟೆ.

ಯಾವ ಎಂಟು ದಿನ, ಎಂದು ಅವಳು ಮರಾಠಿಯಲ್ಲಿ ಕೇಳಿದಳು.

ಮೇಡಂ ಪೂನಮಳ ತೋಳು ಒತ್ತಿದರು. ಪೂನಮ ತೋಳು ಬಿಡಿಸಿಕೊಂಡು, ಪುತಳಾಬಾಯಿಯ ಎದುರು ನೆಲದ ಮೇಲೆ ಕೂತಳು. ಆಯಿ, ನಾನು ನಿನಗೆ ಸುಳ್ಳು ಹೇಳಿದ್ದೇನೆ ಎಂದು ಶುರು ಮಾಡಿದಳು. ಡಾಕ್ಟರು ಹೇಳಿದ್ದನ್ನು ಅವರು ಹೇಳಿದ ಸಾಲಿನಲ್ಲೇ ಹೇಳಿದಳು, ರೋಗದ ಹೆಸರನ್ನೂ ಹೇಳಿದಳು. ಆ ಹೆಸರನ್ನು ಮರಾಠಿಯಲ್ಲಿ, ಅಡುಗೆಮನೆಯ ಮಾತಿನಲ್ಲಿ, ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಹೇಳುವಾಗ ಅಳು ಬಂತು, ತಡೆದುಕೊಂಡಳು, ಮುಗಿಸಿದ ಮೇಲೆ ಅತ್ತಳು.

ಪುತಳಾಬಾಯಿ ಎದೆ ಒಡೆದುಕೊಳ್ಳಲಿಲ್ಲ. ಆಶೀಷ ಯಾರೂ ಹೇಳದೆಯೇ ಕ್ಯಾಮೆರಾ ಬಂದ್ ಮಾಡಿದ. ಆಮೇಲೆ ಅವಳು ಕೇಳಿದ್ದು ಒಂದೇ, ಕುರಿಯ ಮೈಮೇಲೆ ಗಂಟು ಕಂಡರೆ ನಾವು ಮರುದಿನದವರೆಗೆ ನಿಲ್ಲುವುದಿಲ್ಲ, ನನಗೆ ಯಾಕೆ ಹೇಳಲಿಲ್ಲ?

ನಿಮ್ಮ ಯಜಮಾನರಿಗೆ ಹೇಳಬೇಕೆಂದಿದ್ದೆ, ಎಂದಳು ಪೂನಮ.

“ಗಂಟು ನಂದು,” ಎಂದಳು ಪುತಳಾಬಾಯಿ. ಇದನ್ನು ಅವಳು ಕನ್ನಡದಲ್ಲಿ, ಮೇಡಮ್ಮಿಗೂ ತಿಳಿಯುವಂತೆ ಹೇಳಿದಳು.

ಮೇಡಂ ಎದ್ದು ನಿಂತು, ಈಗಲೇ ಕಾರಿನಲ್ಲಿ ಬೀದರಿಗೆ ಹೋಗೋಣ, ನಾನೇ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದು ಅವಸರದಿಂದ ಹೇಳಿದರು. ಪೂನಮ ಅದನ್ನೂ ದಾಟಿಸಿದಳು. ಪುತಳಾಬಾಯಿ ಆಯಿತು ಎನ್ನುವಂತೆ ತಲೆಯಾಡಿಸಿದಳು. ಮರಿಗಳನ್ನು ಬುಟ್ಟಿಯ ಕೆಳಗೆ ಮುಚ್ಚಿ, ಪಕ್ಕದ ಮನೆಯ ಕಸ್ತೂರಿಬಾಯಿಯನ್ನು ಕೂಗಿ ಹಾಲು ಕುಡಿಸಲು ಹೇಳಿದಳು. ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ಬಲಗೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ದವಾಖಾನೆಯ ಚೀಟಿ ಇತ್ತು.

ಅವಳು ಕಾರು ಹತ್ತಲಿಲ್ಲ. ಹೊರಸಿನ ಮೇಲೆ ಕೂತು, ಚೀಟಿಯನ್ನು ಪೂನಮಳ ಕೈಗಿಟ್ಟಳು. ಮೊದಲು ಇದನ್ನು ಓದು, ಮೇಲಿನಿಂದ ಓದು, ಒಂದಕ್ಷರವನ್ನೂ ಬಿಡಬೇಡ ಎಂದಳು.

ಪೂನಮ ಕಣ್ಣೊರೆಸಿಕೊಂಡು ಚೀಟಿ ಬಿಚ್ಚಿದಳು. ದವಾಖಾನೆಯ ಹೆಸರು ಓದಿದಳು. ನಂಬರು ಓದಿದಳು, ತಾರೀಖು ಓದಿದಳು. ಪುತಳಾಬಾಯಿ, ಗಂಡ ಬಕ್ಕಪ್ಪ, ಠಾಣಾ ಕುಶನೂರ. ಪ್ರತಿ ಸಾಲಿಗೂ ಪುತಳಾಬಾಯಿ ಹೂಂ ಎನ್ನುತ್ತಿದ್ದಳು. ವಯಸ್ಸು ಐವತ್ತೆಂಟು ಎಂದಾಗ ಕೈಯೆತ್ತಿ ತಡೆದು, ಅರವತ್ತೊಂದು ಎಂದು ತಿದ್ದಿದಳು. ಪೂನಮ ಆಶೀಷನಿಂದ ಪೆನ್ನು ಇಸಿದುಕೊಂಡು ಅದನ್ನು ಬರೆದಳು.

“ಮುಂದ,” ಎಂದಳು ಪುತಳಾಬಾಯಿ.